ಪರೀಕ್ಷಾ ಲೂಪ್‌ನಲ್ಲಿ ಸೋರುವ ಶಾಖದ ಲೆಕ್ಕ

14 ಮಾರ್ಚ್ 2024, ಗುರುವಾರ

ಇವತ್ತು ಹೀಟ್ ಲಾಸ್ ಲೆಕ್ಕ, ಅಂದರೆ ಪರೀಕ್ಷಾ ಲೂಪ್‌ನಿಂದ (ರಿಯಾಕ್ಟರನ್ನು ಅನುಕರಿಸಿ ನೀರು ಸುತ್ತಿಸುವ ಘಟಕ) ಹೊರಗೆ ಸೋರುವ ಶಾಖದ ಲೆಕ್ಕ. ಚಿಕ್ಕ ರಿಯಾಕ್ಟರ್‌ಗಳ ಪರೀಕ್ಷೆಯಲ್ಲಿ ಎಲ್ಲರೂ ಬೇಗ ಮುಗಿಸಿ ಮುಂದಕ್ಕೆ ಹೋಗಬೇಕೆನ್ನುವ ಕೆಲಸ ಇದು. ಆದರೆ ಇದು ಸರಿಯಿಲ್ಲದಿದ್ದರೆ ಮುಂದಿನ ಯಾವ ಅಳತೆಯನ್ನೂ ನಂಬುವ ಹಾಗಿಲ್ಲ.

ಅಮೆರಿಕದ ಆರೆಗಾನ್ ಸ್ಟೇಟ್ ಯೂನಿವರ್ಸಿಟಿಯ ಎಂಎಎಸ್‌ಎಲ್‌ಡಬ್ಲ್ಯುಆರ್ ಎಂಬ ಚಿಕ್ಕ ರಿಯಾಕ್ಟರ್‌ನ ಪರೀಕ್ಷಾ ಘಟಕವನ್ನೇ ನೋಡಿ. ನ್ಯೂಸ್ಕೇಲ್ ಕಂಪನಿಯ ಚಿಕ್ಕ ರಿಯಾಕ್ಟರ್ ವಿನ್ಯಾಸದ ಮೂಲ ಅಲ್ಲಿದೆ. ಪಂಪ್ ಇಲ್ಲದೆ, ಬಿಸಿನೀರು ಮೇಲೇರಿ ತಣ್ಣೀರು ಕೆಳಗಿಳಿಯುವುದರಿಂದಲೇ ಕೋರ್ (ಇಂಧನವಿರುವ ಭಾಗ) ತಣ್ಣಗಾಗಬೇಕು. ಘಟಕದ ಎತ್ತರ ಮೂಲ ವಿನ್ಯಾಸದ ಮೂರನೇ ಒಂದು, ಘನಗಾತ್ರ 254ರಲ್ಲಿ ಒಂದು ಪಾಲು. ಇಂಧನದ ಜಾಗದಲ್ಲಿ ವಿದ್ಯುತ್ ಹೀಟರ್ ಕಡ್ಡಿಗಳು.

ಮೂಲ ವಿನ್ಯಾಸದ ಉಷ್ಣಶಕ್ತಿ 150 ಮೆಗಾವ್ಯಾಟ್. 254ರಿಂದ ಭಾಗಿಸಿದರೆ ಸುಮಾರು 590 ಕಿಲೋವ್ಯಾಟ್. ರಿಯಾಕ್ಟರ್ ನಿಲ್ಲಿಸಿ ಒಂದು ಗಂಟೆ ಕಳೆದ ಮೇಲೆ ಉಳಿಯುವ ಕ್ಷಯಶಾಖ (ಇಂಧನದ ವಿಕಿರಣದಿಂದ ಬರುತ್ತಲೇ ಇರುವ ಶಾಖ) ಪೂರ್ಣ ಶಕ್ತಿಯ ಶೇ. 1.4ರ ಆಸುಪಾಸು, ಅಂದರೆ ಲೂಪ್‌ನಲ್ಲಿ ಬರೀ 8 ಕಿಲೋವ್ಯಾಟ್. ಇನ್ಸುಲೇಷನ್ ದಾಟಿ 2 ಕಿಲೋವ್ಯಾಟ್ ಹೊರಹೋದರೂ ಕಾಲು ಭಾಗ ಮಾಯ! ಸುರಕ್ಷತಾ ವ್ಯವಸ್ಥೆ ಮಾಡದ ಕೆಲಸವನ್ನು ಕೋಣೆಯ ಗಾಳಿ ಮಾಡಿರುತ್ತದೆ, ಫಲಿತಾಂಶ ಮಾತ್ರ ಚೆನ್ನಾಗಿ ಕಾಣುತ್ತದೆ. ತಪ್ಪು ನಮಗೆ ಅನುಕೂಲವಾಗುವ ಕಡೆಗೇ ವಾಲುವುದರಿಂದ ಇದು ಹೆಚ್ಚು ಅಪಾಯಕಾರಿ.

ಅಳೆಯುವ ಕ್ರಮ: ಸೆಕೆಂಡರಿ ಬದಿ (ಶಾಖ ಪಡೆದು ಹಬೆಯಾಗುವ ನೀರಿನ ಬದಿ) ಮುಚ್ಚಿ, ಕೋರ್ ಪಾತ್ರೆಯನ್ನು ಸುತ್ತುವರಿದ ರಕ್ಷಣಾ ಪಾತ್ರೆಯಾದ, ಕಂಟೈನ್‌ಮೆಂಟ್‌ಗೆ ಹೋಗುವ ವಾಲ್ವ್‌ಗಳನ್ನೂ ಮುಚ್ಚಿ, ಲೂಪನ್ನು 100, 150, 200, 250 ಡಿಗ್ರಿಗಳಲ್ಲಿ ಒಂದೊಂದಾಗಿ ನಿಲ್ಲಿಸಬೇಕು. ಉಷ್ಣತೆ ಕದಲದಂತೆ ಹಿಡಿಯಲು ಬೇಕಾಗುವ ಹೀಟರ್ ಶಕ್ತಿಯೇ ಆ ಉಷ್ಣತೆಯ ನಷ್ಟ. ಪ್ರೆಶರೈಸರ್ (ಲೂಪ್‌ನ ಒತ್ತಡ ಕಾಯುವ ಭಾಗ) ಹೀಟರ್‌ನ ಶಕ್ತಿಯನ್ನೂ ಕೂಡಿಸಲು ಮರೆಯಬಾರದು. ಅವಸರ ಮಾಡಿದರೆ ಕೆಟ್ಟಿತು: ಒಂದು ಟನ್ ಉಕ್ಕು ಗಂಟೆಗೆ ಒಂದು ಡಿಗ್ರಿ ತಣ್ಣಗಾಗುತ್ತಿದ್ದರೂ ಸುಮಾರು 140 ವ್ಯಾಟ್ ಬಿಡುಗಡೆಯಾಗುತ್ತದೆ. ನೀರು ಸ್ಥಿರವಾಗಿದ್ದರೂ ದಪ್ಪ ಫ್ಲೇಂಜ್ (ಭಾಗಗಳನ್ನು ಬೋಲ್ಟ್‌ನಿಂದ ಜೋಡಿಸುವ ಲೋಹದ ಅಂಚು) ಇನ್ನೂ ಬಿಸಿಯೇರುತ್ತಲೇ ಇರಬಹುದು. ಫ್ಲೇಂಜ್‌ಗೂ ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ) ಬೇಕು.

ನಷ್ಟ ತುಂಬಲು ಕೋರ್ ಹೀಟರ್‌ಗೆ ಹೆಚ್ಚು ಶಕ್ತಿ ಕೊಡುವುದು ಸುಲಭ, ಆದರೆ ಹರಿವೂ ಹೆಚ್ಚಿಬಿಡುತ್ತದೆ. ಗೋಡೆಗೆ ಹೀಟರ್ ಸುತ್ತುವುದು ಮೇಲು. ಆರೆಗಾನ್ ಘಟಕದಲ್ಲಿ ಕಂಟೈನ್‌ಮೆಂಟ್ ಪಾತ್ರೆಗೂ ತಣ್ಣೀರಿನ ಪಾತ್ರೆಗೂ ನಡುವೆ ಉಕ್ಕಿನ ಫಲಕವಿದೆ. ಉಳಿದ ಗೋಡೆಯನ್ನು ಹೀಟರ್‌ಗಳು ಬಿಸಿಯಾಗಿಡುವುದರಿಂದ ಹಬೆ ಆ ಫಲಕದ ಮೇಲಷ್ಟೇ ಘನೀಕರಿಸುತ್ತದೆ. ಒಳಗೆ ಸ್ವಲ್ಪ ಗಾಳಿ ಉಳಿದರೂ ಫಲಕದ ಬಳಿ ಪದರವಾಗಿ ಕೂತು ಘನೀಕರಣವನ್ನು ತಗ್ಗಿಸುತ್ತದೆ. ಹಾಗಾಗಿ ಆರಂಭದ ಒತ್ತಡದ ಜೊತೆಗೆ ಗಾಳಿಯ ಪ್ರಮಾಣವನ್ನೂ ಬರೆದಿಡಬೇಕು.

ಇದೇ ಎಚ್ಚರ ಡಿಪಿ ಸೆಲ್‌ಗೂ (ಎರಡು ಜಾಗಗಳ ಒತ್ತಡದ ವ್ಯತ್ಯಾಸದಿಂದ ಹರಿವು, ಮಟ್ಟ ಅಳೆಯುವ ಸಾಧನ) ಬೇಕು. 220 ಮತ್ತು 265 ಡಿಗ್ರಿ ನೀರಿನ ಸಾಂದ್ರತೆಯ ವ್ಯತ್ಯಾಸ ಘನ ಮೀಟರಿಗೆ ಸುಮಾರು 65 ಕಿಲೋ, ಅಂದರೆ ಒಂದು ಮೀಟರ್ ಎತ್ತರಕ್ಕೆ ಹರಿವಿಗೆ ಸಿಗುವ ನೂಕುವ ಒತ್ತಡ ಸುಮಾರು 640 ಪಾಸ್ಕಲ್. ಒತ್ತಡವನ್ನು ಡಿಪಿ ಸೆಲ್‌ಗೆ ಮುಟ್ಟಿಸುವ ಸಣ್ಣ ಕೊಳವೆಯಾದ ಇಂಪಲ್ಸ್ ಲೈನ್ ನೆಟ್ಟಗಿದ್ದು ಅದರಲ್ಲಿ ಒಂದು ಸೆಂಟಿಮೀಟರ್ ಗಾಳಿ ಸಿಕ್ಕಿಕೊಂಡರೆ 98 ಪಾಸ್ಕಲ್ ದೋಷ. ಪ್ರತಿ ಬಾರಿ ನೀರು ತುಂಬಿದ ಮೇಲೂ ವೆಂಟ್ ಮಾಡಿ, ಹರಿವು ನಿಂತಿದ್ದಾಗ ಶೂನ್ಯ ನೋಡಲೇಬೇಕು. ಒತ್ತಡ ತಟ್ಟನೆ ಇಳಿದಾಗ ಬಿಸಿಯಾದ ರೆಫರೆನ್ಸ್ ಲೆಗ್‌ನ (ಮಟ್ಟ ಅಳೆಯಲು ಹೋಲಿಕೆಗಿಟ್ಟ, ನೀರು ತುಂಬಿದ ಕೊಳವೆ) ನೀರು ಕುದಿದುಹೋಗುತ್ತದೆ. ಆಗ ಪಾತ್ರೆಯ ನೀರಿನ ಮಟ್ಟ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ.

ಲೂಪ್‌ನ ವರ್ತನೆ ಲೆಕ್ಕಹಾಕುವ ಕಂಪ್ಯೂಟರ್ ಕೋಡ್‌ಗೆ ನಷ್ಟ ಕೊಡುವಾಗ ಇಡೀ ಲೂಪ್‌ಗೆ ಒಂದೇ ಗುಣಕ ಹಾಕುವುದು ಬೇಡ. ಫ್ಲೇಂಜ್, ಹೀಟರ್ ತುದಿ, ಆಧಾರದ ಕಾಲು ಇವುಗಳಿಂದ ಸೋರುವುದೇ ಹೆಚ್ಚು, ಆಯಾ ಜಾಗಕ್ಕೇ ಹಂಚಬೇಕು. ರಿಪೇರಿಗೆಂದು ಇನ್ಸುಲೇಷನ್ ಬಿಚ್ಚಿದ್ದರೆ ಉಷ್ಣತೆಗೆ ತಕ್ಕ ನಷ್ಟ ತೋರಿಸುವ ಹಳೆಯ ವಕ್ರರೇಖೆ ಮತ್ತೆ ನಡೆಯದು. ಕಡೇಪಕ್ಷ ಎರಡು ಉಷ್ಣತೆಗಳಲ್ಲಿ ಹೊಸದಾಗಿ ಅಳೆಯಬೇಕು.