ತಾಮ್ರದ ಗೆರೆಯ ಚಾಕು: 1085 ಡಿಗ್ರಿಯೊಳಗಿನ ಕೆಲಸ

ಜಪಾನಿನ ಸಾನ್‌ಮೈ ಅಲಗಿನಲ್ಲಿ ಮೂರು ಪದರ. ನಡುವೆ ಗಡಸು ಉಕ್ಕು, ಎರಡೂ ಮಗ್ಗುಲಿಗೆ ಮೆದು ಕಬ್ಬಿಣ. ಆ ಎರಡು ಸಂದಿಗೂ ತಾಮ್ರದ ತಗಡು ಕೊಟ್ಟರೆ ಐದು ಪದರದ ಕ್ಯೂ-ಮೈ. ಗೆರೆಯ ಅಂದ ಒಂದೇ ಅಲ್ಲ: ಇಂಗಾಲ ತಾಮ್ರದಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು, ಹಾಗಾಗಿ ನಡುವಿನ ಉಕ್ಕಿನ ಇಂಗಾಲ ಹೊರಪದರಕ್ಕೆ ಸೋರಿಹೋಗುವುದಿಲ್ಲ.

ಸಾಮಾನ್ಯ ಉಕ್ಕಿನ ಬೆಸುಗೆಗೆ 1200 ಡಿಗ್ರಿಯ ಆಸುಪಾಸು ಕಾವು ಬೇಕು. ತಾಮ್ರ 1085ಕ್ಕೇ ನೀರಾಗುತ್ತದೆ. ಈ ಚಾಕುವಿನ ಕಷ್ಟವೆಲ್ಲ ಇಲ್ಲಿದೆ.

ನಡುವಿಗೆ 4 ಮಿಮೀ ದಪ್ಪದ, 1084 ಎಂಬ ದರ್ಜೆಯ ಇಂಗಾಲದ ಉಕ್ಕು, ಹೊರಗೆ 3 ಮಿಮೀ ಮೈಲ್ಡ್ ಸ್ಟೀಲ್, ಸಂದಿಗೆ 0.8 ಮಿಮೀ ತಾಮ್ರ. ಮೊದಲ ಸಲಕ್ಕೆ 304 ಸ್ಟೇನ್‌ಲೆಸ್ ಬೇಡ. ಅದು ಹಿಗ್ಗುವ, ಕುಗ್ಗುವ ಪ್ರಮಾಣ ಬಹಳ ಹೆಚ್ಚು, ಎಣ್ಣೆಗೆ ಅದ್ದಿದಾಗ ನಡುವಿನ ಉಕ್ಕನ್ನು ಸೀಳಬಲ್ಲದು. ಮುಖಗಳನ್ನೆಲ್ಲ 120 ಗ್ರಿಟ್‌ನಲ್ಲಿ ಸಪಾಟು ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ, ಮತ್ತೆ ಬೆರಳು ತಾಗಿಸಬೇಡಿ. ತಾಮ್ರವನ್ನು ಸುತ್ತಲೂ 3 ಮಿಮೀ ಚಿಕ್ಕದಾಗಿ ಕತ್ತರಿಸಿ. ಪದರಗಳನ್ನು ಕಟ್ಟಾಗಿ ಜೋಡಿಸಿ ಅಂಚು ವೆಲ್ಡ್ ಮಾಡುವಾಗ ತಾಮ್ರ ಕರಗಿ ಸೇರಿಕೊಂಡರೆ ಆ ವೆಲ್ಡೇ ಬಿರುಕು ಬಿಡುತ್ತದೆ. ಗಾಳಿಯಾಡದಂತೆ ಸುತ್ತಲೂ ಮುಚ್ಚಿದ್ದರೆ ಬೆಸುಗೆಗೆ ಹಾಕುವ ಬಿಳಿಗಾರದ (ಬೋರಾಕ್ಸ್) ಅಗತ್ಯವಿಲ್ಲ.

ಗ್ಯಾಸ್ ಕುಲುಮೆಯಲ್ಲಿ ಜ್ವಾಲೆ ನೇರ ತಾಗದಂತೆ ಕಟ್ಟನ್ನು ದಪ್ಪ ಕಬ್ಬಿಣದ ಕೊಳವೆಯೊಳಗಿಡಿ, ಪಕ್ಕದಲ್ಲೇ ಕಾವು ಅಳೆಯುವ ಥರ್ಮೋಕಪಲ್. 980ರಲ್ಲಿ ಅರ್ಧ ಗಂಟೆ ನಿಲ್ಲಿಸಿ, ಪ್ರೆಸ್‌ನಲ್ಲಿ ಮೆಲ್ಲಗೆ ಒತ್ತಿ. ಕಿತ್ತಳೆ ಬಣ್ಣ ಹಳದಿಗೆ ತಿರುಗಲು ಬಿಡಬಾರದು. ಅಂಚಿನಲ್ಲಿ ಹಸಿರು ಜ್ವಾಲೆ ಕಂಡಿತೋ, ತಾಮ್ರ ಕರಗಿದೆ ಎಂದೇ ಅರ್ಥ. ಕರಗಿದ ತಾಮ್ರ ಉಕ್ಕಿನ ಕಣಗಳ ಸಂದಿಗೆ ನುಗ್ಗುತ್ತದೆ. ಆಮೇಲೆ ಒಂದೇ ಪೆಟ್ಟಿಗೆ ಕೆಂಪು ಉಕ್ಕು ಬಿಸ್ಕತ್ತಿನಂತೆ ಮುರಿಯುತ್ತದೆ. ಅಂಥ ಕಟ್ಟನ್ನು ಉಳಿಸಲು ಹೋಗಬೇಡಿ.

ತೆಳುಮಾಡುವಾಗ ಎದುರಾಗುವುದು ಇನ್ನೊಂದು ತೊಡಕು. 800ಕ್ಕಿಂತ ಕೆಳಗಿಳಿದರೆ ಉಕ್ಕು ಬಿಗಿಯುತ್ತದೆ, ತಾಮ್ರ ಮೆತ್ತಗೇ ಇರುತ್ತದೆ, ಪದರಗಳು ಜಾರಿ ಬಿಡಿಸಿಕೊಳ್ಳುತ್ತವೆ. ಸುತ್ತಿಗೆಯಿಂದ ಒಂದೇ ಕಡೆ ಬಡಿದರೆ ಅಲ್ಲಿಯ ತಾಮ್ರ ಹಿಂಡಿಹೋಗಿ ಗೆರೆ ತುಂಡಾಗುತ್ತದೆ. ಚಪ್ಪಟೆ ಡೈ ಇಟ್ಟು, ಮಗ್ಗುಲು ಬದಲಿಸುತ್ತ, 11.6 ಮಿಮೀ ಕಟ್ಟನ್ನು 4.6ಕ್ಕೆ ಇಳಿಸಿ, ನಡುವಿನ ಉಕ್ಕು ಸುಮಾರು 1.6, ತಾಮ್ರ 0.3 ಉಳಿಯುತ್ತದೆ. ಬಾಯಿಯ ಇಳಿಜಾರನ್ನು ಬಡಿದು ತರಬೇಡಿ, ಎರಡೂ ಕಡೆ ಸಮನಾಗಿ ಗ್ರೈಂಡ್ ಮಾಡಿ. ಇಲ್ಲವಾದರೆ ಬಾಯಿಗೆ ಬರಬೇಕಾದ ಉಕ್ಕು ಮಗ್ಗುಲಿಗೆ ಸರಿದಿರುತ್ತದೆ.

ಗಡಸು ಮಾಡಲು 815 ಡಿಗ್ರಿ, 55ರಷ್ಟು ಬೆಚ್ಚಗಿನ ಎಣ್ಣೆ. ಗಡಸಾದ ಉಕ್ಕಿನ ಪೆಡಸು ತಗ್ಗಿಸುವ ಹದಕ್ಕೆ (ಟೆಂಪರಿಂಗ್) 200ರಲ್ಲಿ ಎರಡು ಗಂಟೆಯಂತೆ ಎರಡು ಸಲ.

ಪದರ ತೋರಿಸಲು ಫೆರಿಕ್ ಕ್ಲೋರೈಡ್ ಬಳಸುವ ರೂಢಿ ಇಲ್ಲಿ ನಡೆಯದು. ಸರ್ಕ್ಯೂಟ್ ಬೋರ್ಡಿನ ತಾಮ್ರ ಕರಗಿಸುವುದೂ ಅದೇ. ಗೆರೆಯಿದ್ದಲ್ಲಿ ಕಾಲುವೆ ಬೀಳುತ್ತದೆ. ಗಟ್ಟಿ ಇನ್‌ಸ್ಟಂಟ್ ಕಾಫಿಯಲ್ಲಿ ಒಂದೆರಡು ಗಂಟೆ ನೆನೆಸಿದರೆ ಉಕ್ಕು ಕಪ್ಪಾಗುತ್ತದೆ, ತಾಮ್ರ ಉಳಿಯುತ್ತದೆ. ನಿಂಬೆ, ಮಾವಿನಕಾಯಿ ಹೆಚ್ಚಿದ ಕೂಡಲೇ ತೊಳೆದು ಒರೆಸಿಡಿ: ಒದ್ದೆ ಉಳಿದರೆ ತಾಮ್ರಕ್ಕೆ ಅಂಟಿಕೊಂಡ ಉಕ್ಕೇ ಮೊದಲು ತುಕ್ಕು ಹಿಡಿಯುವುದು.