ಮೋಡದ ಹಿಂದಿನ ಚಂದ್ರ

ಇವತ್ತು ಸಂಕಷ್ಟಿ, ರಾತ್ರಿ ಚಂದ್ರನನ್ನು ನೋಡುವ ತನಕ ಗಣಪನ ಹೆಸರಲ್ಲಿ ಉಪವಾಸ. ಬೆಳಗ್ಗೆಯಿಂದ ಒಂದು ಲೋಟ ಹಾಲು, ಎರಡು ಬಾಳೆಹಣ್ಣು, ಅಷ್ಟೇ. (ಮಧ್ಯೆ ಒಂದು ಕಾಫಿ. ಅದು ಲೆಕ್ಕಕ್ಕಿಲ್ಲ ಅನ್ನೋದು ನನ್ನ ವಾದ.)

ನಮ್ಮ ಯಜಮಾನರ ಪ್ರಾಜೆಕ್ಟ್ ಮುಗಿದು ಎರಡು ತಿಂಗಳಾಯಿತು. ಹೊಸದು ಕೊಡುತ್ತಾರೋ, ಮನೆಗೆ ಕಳಿಸುತ್ತಾರೋ, ಆಫೀಸಿನಲ್ಲಿ ಯಾರೂ ಬಾಯಿ ಬಿಡುತ್ತಿಲ್ಲ. ಮನೆ ಸಾಲದ ಕಂತು ಮಾತ್ರ 5ನೇ ತಾರೀಖು ತಪ್ಪದೆ ಹೋಗುತ್ತದೆ.

ಸಂಜೆ ಬಸವನಗುಡಿಯ ದೊಡ್ಡ ಗಣಪತಿ ದೇವಸ್ಥಾನಕ್ಕೆ ಹೋಗಿದ್ದೆ. ಉದ್ದದ ಕ್ಯೂ. ನನ್ನ ಮುಂದೆ ಒಬ್ಬ ಹುಡುಗ, ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಒಂದು ಹಿಡಿ ಗರಿಕೆ. 21 ಇದೆಯಾ ಅಂತ ಎಣಿಸುತ್ತಲೇ ಇದ್ದ. ಫೋನ್ ಬಂದಾಗಲೆಲ್ಲ ಲೆಕ್ಕ ತಪ್ಪಿ, ಪಾಪ, ಮತ್ತೆ ಒಂದರಿಂದ ಶುರು. ನಾನೂ ಕೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಪಟ್ಟಿ ಮಾಡಿಕೊಂಡಿದ್ದೆ. ಒಂದೇ ಬಂಡೆಯ ಆ ದೊಡ್ಡ ಗಣಪನ ಎದುರು ನಿಂತರೆ ಬಾಯಿಗೆ ಬಂದಿದ್ದು ಇಷ್ಟೇ: "ನನ್ ಕೈಲಾಗಲ್ಲ, ಇನ್ನು ನೀನೇ ನೋಡ್ಕೋಪ್ಪಾ." ಹಸಿದ ಹೊಟ್ಟೆಗೆ ಉದ್ದುದ್ದ ಮಾತು ಬರುವುದಿಲ್ಲ ಅನ್ನಿಸುತ್ತೆ. ಉಪವಾಸ ಇಟ್ಟಿರುವುದೇ ಅದಕ್ಕಾ?

ರಾತ್ರಿ ಮಹಡಿ ಮೇಲೆ ಹೋದರೆ ಆಕಾಶದ ತುಂಬಾ ಮೋಡ. ಪಂಚಾಂಗದಲ್ಲಿ ಕೊಟ್ಟ ಚಂದ್ರೋದಯದ ಹೊತ್ತು ದಾಟಿ ಅರ್ಧ ಗಂಟೆ ಕಾದೆ. ಕೊನೆಗೆ ಅತ್ತೆ ಮೆಟ್ಟಿಲ ಹತ್ತಿರದಿಂದಲೇ ಕೂಗಿದರು. "ಕಾಣದಿದ್ರೆ ಇಲ್ಲ ಅಂತೇನಮ್ಮಾ? ಪೂರ್ವಕ್ಕೆ ತಿರುಗಿ ಅರ್ಘ್ಯ ಬಿಟ್ಟು ಬಾ, ಉಪ್ಪಿಟ್ಟು ಆರ್ತಿದೆ."

ಬಿಟ್ಟು ಬಂದೆ. ಅಷ್ಟರಲ್ಲಿ ಯಜಮಾನರು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು. ಅವರಿಗೆ ಉಪವಾಸವೇ ಇರಲಿಲ್ಲ!