ಕಡಲ ಅರ್ಚಿನ್ ಡಿಂಬಗಳು: ಎರಡನೇ ಸುತ್ತು, ಆರನೇ ದಿನದವರೆಗೆ

ಮೊದಲ ಸುತ್ತಿನ ಕೊನೆಗೆ ಬರೆದಿದ್ದ ತೀರ್ಮಾನವನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಆಮ್ಲೀಯ ನೀರಿನಲ್ಲಿ ಬೆಳೆದ ಕಡಲ ಅರ್ಚಿನ್ (ಮೈತುಂಬ ಮುಳ್ಳಿರುವ ಕಡಲ ಪ್ರಾಣಿ) ಡಿಂಬಗಳ, ಅಂದರೆ ಎಳೆಯ ಮರಿಗಳ, ತೋಳುಗಳು ಗಿಡ್ಡವಾಗಿವೆ, ವಿಕಾರವಾಗಿವೆ ಎಂದಿದ್ದೆ. ಗಿಡ್ಡವಾಗಿದ್ದುದು ನಿಜ. ವಿಕಾರ ಎಂದದ್ದು ದುಡುಕಿನ ಮಾತು.

ಈ ಸಲ ನೀರು ಸಿದ್ಧಪಡಿಸುವ ಕ್ರಮವನ್ನೇ ಬದಲಿಸಿದೆ. ಹಿಂದೆ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಹಾಕಿ ಪಿಎಚ್ (ಆಮ್ಲೀಯತೆಯ ಅಳತೆ; ಇಳಿದಷ್ಟೂ ಆಮ್ಲೀಯತೆ ಹೆಚ್ಚು) ಇಳಿಸಿದ್ದೆ. ಅದರಿಂದ ನೀರಿನ ಕ್ಷಾರೀಯತೆಯೂ, ಅಂದರೆ ಆಮ್ಲವನ್ನು ತಟಸ್ಥಗೊಳಿಸುವ ಶಕ್ತಿಯೂ, ತಗ್ಗುತ್ತದೆ. ಕಡಲಿನಲ್ಲಿ ನಡೆಯುತ್ತಿರುವುದು ಹಾಗಲ್ಲ. ಅಲ್ಲಿ ಕರಗುವುದು ಇಂಗಾಲದ ಡೈಆಕ್ಸೈಡ್: ಹೈಡ್ರೋಜನ್ ಅಯಾನು ಹೆಚ್ಚುತ್ತದೆ, ಕಾರ್ಬೊನೇಟ್ ಕಡಿಮೆಯಾಗುತ್ತದೆ, ಕ್ಷಾರೀಯತೆ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಈಗ ಅನಿಲವನ್ನೇ ಹಾಯಿಸುತ್ತಿದ್ದೇನೆ. ಅರ್ಧದಷ್ಟು ಜಾಡಿಗಳು ಸಾಮಾನ್ಯ ಪಿಎಚ್ 8.1ರಲ್ಲಿ, ಉಳಿದವು ಹೆಚ್ಚು ಆಮ್ಲೀಯವಾದ 7.7ರಲ್ಲಿ. ವ್ಯತ್ಯಾಸ ಸಣ್ಣದೆನಿಸಬಹುದು, ಆದರೆ ಪಿಎಚ್ ಲಘುಗಣಕದ ಅಳತೆ, 0.4 ಇಳಿದರೆ ಹೈಡ್ರೋಜನ್ ಅಯಾನುಗಳು ಸುಮಾರು ಎರಡೂವರೆ ಪಟ್ಟಾಗುತ್ತವೆ.

ದಿನ 0. ಬೆಳೆದ ಅರ್ಚಿನ್‌ಗಳಿಗೆ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಚುಚ್ಚಿದ ಕೆಲವೇ ನಿಮಿಷಗಳಲ್ಲಿ ಮೊಟ್ಟೆಯೂ ರೇತಸ್ಸೂ ದೊರೆತವು. ಎಲ್ಲವನ್ನೂ ಸಾಮಾನ್ಯ ನೀರಿನಲ್ಲೇ ಫಲಿತಗೊಳಿಸಿ, ನಂತರ ಜಾಡಿಗಳಿಗೆ ಹಂಚಿದೆ. ಇಲ್ಲದಿದ್ದರೆ ಫಲೀಕರಣದ ಏರುಪೇರು ಬೆಳವಣಿಗೆಯ ಲೆಕ್ಕದಲ್ಲಿ ಬೆರೆತುಹೋಗುತ್ತದೆ. ಮೊಟ್ಟೆಯ ಸುತ್ತ ಪೊರೆ ಉಬ್ಬಿ ಏಳುವ ಆ ಕ್ಷಣವನ್ನು ಎಷ್ಟು ಸಲ ನೋಡಿದರೂ ನನಗೆ ಸಾಲದು.

ದಿನ 1. ಎರಡೂ ಕಡೆ ಭ್ರೂಣಗಳು ಪೊರೆ ಒಡೆದು ಈಜುತ್ತಿವೆ. ರಾತ್ರಿ ಅನಿಲದ ಹರಿವು ನಿಧಾನವಾಗಿ ಬೆಳಿಗ್ಗೆ 7.7 ಹೋಗಿ 7.8 ಆಗಿತ್ತು. ಇನ್ನು ಮುಂದೆ ದಿನಕ್ಕೆ ಮೂರು ಸಲ ಅಳೆಯುತ್ತೇನೆ.

ದಿನ 2. ಧ್ರುವೀಕೃತ ಬೆಳಕಿನಲ್ಲಿ ತೋಳುಗಳಿಗೆ ಆಸರೆಯಾಗುವ ಎಳೆಯ ಸುಣ್ಣದ ಅಸ್ಥಿಕಡ್ಡಿಗಳು ಕತ್ತಲೆಯಲ್ಲಿ ಬೆಳ್ಳಿಯ ಎಳೆಗಳಂತೆ ಹೊಳೆದವು. ಆಮ್ಲೀಯ ನೀರು ಈ ಕಡ್ಡಿಗಳನ್ನು ಕರಗಿಸುತ್ತದೆ ಎಂದು ನಾನೂ ಭಾವಿಸಿದ್ದೆ. ಆದರೆ ಅವು ಬೆಳೆಯುವುದು ಜೀವಕೋಶಗಳ ಪೊರೆಯೊಳಗೆ; ಹೊರಗಿನ ನೀರು ಅವನ್ನು ನೇರವಾಗಿ ಮುಟ್ಟುವುದಿಲ್ಲ. ತೊಂದರೆ ಇರುವುದು ಖರ್ಚಿನಲ್ಲಿ. ಬೈಕಾರ್ಬನೇಟಿನಿಂದ ಸುಣ್ಣ ಕಟ್ಟಿದಂತೆಲ್ಲ ಹೈಡ್ರೋಜನ್ ಅಯಾನು ಬಿಡುಗಡೆಯಾಗುತ್ತದೆ, ಕೋಶ ಅದನ್ನು ಹೊರಹಾಕಬೇಕು. ಹೊರಗೇ ಅದು ಹೆಚ್ಚಿದ್ದರೆ ಆ ಕೆಲಸಕ್ಕೆ ಹೆಚ್ಚು ಶಕ್ತಿ ಬೇಕು. ಬಾಯಿ ತೆರೆಯುವವರೆಗೆ ಮೊಟ್ಟೆಯಲ್ಲಿ ತಾಯಿ ಇಟ್ಟ ಬುತ್ತಿಯೊಂದೇ ಆಧಾರ.

ದಿನ 3. 8.1ರಲ್ಲಿ ನಾಲ್ಕು ತೋಳಿನ ಚೊಕ್ಕ ಡಿಂಬಗಳು, ಅಂದರೆ ಪ್ಲೂಟಿಯಸ್‌ಗಳು. 7.7ರಲ್ಲಿ ಮೊಂಡು ತೋಳುಗಳು. ಕಳೆದ ಸಲ ಇಲ್ಲಿಗೇ ಅಳತೆ ನಿಲ್ಲಿಸಿದ್ದೆ. ಏಕಕೋಶ ಪಾಚಿ ಹಾಕಿ ಮುಂದುವರಿಸಿದೆ.

ದಿನ 5. ಇವತ್ತಿನ 7.7ರ ಚಿತ್ರಗಳನ್ನು 8.1ರ ನಿನ್ನೆಯ ಚಿತ್ರಗಳ ಪಕ್ಕದಲ್ಲಿಟ್ಟೆ. ದೇಹದ ಉದ್ದ ಸಮನಾಗಿರುವ ಜೋಡಿಗಳಲ್ಲಿ ತೋಳುಗಳೂ ಬಹುಮಟ್ಟಿಗೆ ಸಮ! ನಾನು ಒಂದೇ ವಯಸ್ಸಿನವನ್ನು ಹೋಲಿಸಿದ್ದೆ, ಹೋಲಿಸಬೇಕಾಗಿದ್ದುದು ಒಂದೇ ಹಂತದಲ್ಲಿರುವವನ್ನು. ಇವು ಕೆಟ್ಟಿಲ್ಲ, ತಡವಾಗಿವೆ.

ತಡವೆಂದರೆ ಹಗುರವಾದ ಸಂಗತಿ ಎಂದು ಯಾರೂ ತಿಳಿಯಬಾರದು. ಪಾಚಿ ಹಿಡಿಯುವ ಲೋಮಗಳ (ಕೂದಲಿನಂಥ ಸೂಕ್ಷ್ಮ ಎಳೆಗಳ) ಪಟ್ಟಿ ಇರುವುದು ತೋಳುಗಳ ಅಂಚಿನಲ್ಲಿ. ತೋಳು ಗಿಡ್ಡವಾದರೆ ಊಟ ಕಡಿಮೆ, ತೇಲಾಡುವ ದಿನಗಳು ಹೆಚ್ಚು, ಬೇಟೆಗಾರರ ಬಾಯಿಗೆ ಬೀಳುವ ಅವಕಾಶವೂ ಹೆಚ್ಚು. ನನ್ನ ಜಾಡಿಯಲ್ಲಿ ಬೇಟೆಗಾರರಿಲ್ಲ, ಆದ್ದರಿಂದ ಇಲ್ಲಿ ತಡವಾದ ಡಿಂಬವೂ ಬದುಕುತ್ತದೆ.

ಇದನ್ನು ಸಿಂಪಿಗಳಿಗೆ ಅನ್ವಯಿಸಲಾಗದು. ಸಿಂಪಿಯ ಡಿಂಬ ಮೊದಲ ಎರಡು ದಿನಗಳೊಳಗೇ, ಉಣ್ಣಲು ಕಲಿಯುವ ಮುನ್ನವೇ, ಅರಗೊನೈಟ್ ಎಂಬ ಬಗೆಯ ಸುಣ್ಣದಿಂದ ಮೊದಲ ಚಿಪ್ಪು ಕಟ್ಟಿ ಮುಗಿಸಬೇಕು. ಅಲ್ಲಿ ತಡಕ್ಕೆ ಜಾಗವಿಲ್ಲ. 2007ರ ಸುಮಾರಿಗೆ ಅಮೆರಿಕದ ಒರೆಗಾನ್ ಕರಾವಳಿಯ ಮರಿ ಕೇಂದ್ರದಲ್ಲಿ ಡಿಂಬಗಳು ರಾಶಿರಾಶಿಯಾಗಿ ಸತ್ತಾಗ, ಆಳದಿಂದ ಮೇಲೇರಿದ, ಇಂಗಾಲದ ಡೈಆಕ್ಸೈಡ್ ತುಂಬಿದ ನೀರೇ ಕಾರಣವೆಂದು ತಿಳಿಯಿತು. ಸೋಡಿಯಂ ಕಾರ್ಬೊನೇಟ್ ಬೆರೆಸಿ ಅವರು ನೀರನ್ನು ಸರಿಪಡಿಸಿಕೊಂಡರು.

ದಿನ 6. 8.1ರ ಒಂದು ಜಾಡಿಯಲ್ಲಿ ಐದು, ಆರನೇ ತೋಳುಗಳ ಮೊಗ್ಗು ಕಾಣಿಸಿದೆ. 7.7ರಲ್ಲಿ ಇನ್ನೂ ಇಲ್ಲ. ನಾಳೆ ಮತ್ತೆ ನೋಡುತ್ತೇನೆ.